ಕಡಲಾಮೆಯ ದಂಡೆಯಿಂದ ಶಿರಸಿ ಕಾಡಿನವರೆಗೆ: ವನ್ಯಜೀವಿ ಇಂಟರ್ನ್‌ಶಿಪ್ ಬಗ್ಗೆ ನನಗೆ ಗೊತ್ತಿದ್ದದ್ದು

ನಮಸ್ಕಾರ. ಬಿ.ಎಸ್ಸಿ. ಮುಗಿಸಿದವರು, ಫಾರೆಸ್ಟ್ರಿ ಓದ್ತಾ ಇರುವವರು, ಪಿಯುಸಿ ಆದಮೇಲೆ ಮುಂದೇನು ಅಂತ ಯೋಚಿಸ್ತಾ ಇರುವವರು, ಎಲ್ಲರೂ ನನ್ನ ಹತ್ತಿರ ಕೇಳೋದು ಒಂದೇ: ಕಾಡುಪ್ರಾಣಿಗಳ ಜೊತೆ ಕೆಲಸ ಮಾಡಬೇಕು, ಇಂಟರ್ನ್‌ಶಿಪ್ ಎಲ್ಲಿ ಸಿಗ್ತದೆ? ಇವತ್ತಿನ ವಿಡಿಯೊ ಪೂರ್ತಿ ಅದಕ್ಕೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಹೊನ್ನಾವರದ ತನಕ ಕಡಲ ಪಕ್ಕದಲ್ಲೇ ಹೋಗ್ತಾ, ಆಮೇಲೆ ಘಟ್ಟ ಹತ್ತಿ ಶಿರಸಿಗೂ ಹೋಗೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಪ್ರಾಣಿಯನ್ನು ಎತ್ತಿಕೊಳ್ಳೋಕೆ, ಮುದ್ದು ಮಾಡೋಕೆ ಬಿಡದ ಜಾಗವೇ ಕಲಿಯೋಕೆ ಒಳ್ಳೆ ಜಾಗ. ಯಾಕೆ ಅಂತ ಈ ದಂಡೆಯಲ್ಲೇ ತೋರಿಸ್ತೇನೆ.

ಈಗ ನೀವು ನೋಡ್ತಾ ಇರೋದು ದೇವಬಾಗ. ಕಾಳಿ ನದಿ ಸಮುದ್ರ ಸೇರ್ತದಲ್ಲ, ಆ ಅಳಿವೆಯ ಉತ್ತರ ಭಾಗ. ಮರಳಿನ ಮೇಲೆ ಸಣ್ಣ ಟ್ರ್ಯಾಕ್ಟರ್ ಹತ್ತಿ ಇಳಿದ ಹಾಗೆ ಕಾಣುವ ಗುರುತು ಇದೆ ನೋಡಿ, ಅದು ಆಲಿವ್ ರಿಡ್ಲೆ ಕಡಲಾಮೆ ರಾತ್ರಿ ಬಂದು ಹೋದ ಹೆಜ್ಜೆ. ಒಡಿಶಾದ ಗಹೀರಮಾತಾದಲ್ಲಿ ಇವು ಲಕ್ಷಗಟ್ಟಲೆ ಒಟ್ಟೊಟ್ಟಿಗೆ ಬರ್ತವೆ. ನಮ್ಮಲ್ಲಿ ಚಳಿಗಾಲದಿಂದ ಬೇಸಿಗೆ ಶುರುವಾಗುವ ತನಕ ಒಂದೊಂದಾಗಿ ಬರ್ತವೆ, ಹಾಗಾಗಿ ಇಲ್ಲಿ ಒಂದು ಗೂಡೂ ತಪ್ಪಿಹೋಗಬಾರದು. ಹೆಣ್ಣಾಮೆ ಹಿಂಗಾಲಲ್ಲಿ ಸುಮಾರು ಒಂದೂವರೆ ಅಡಿ ಆಳದ ಕುಳಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ ಸಮುದ್ರಕ್ಕೆ ವಾಪಸ್ ಹೋಗ್ತದೆ. ಮತ್ತೆ ತಿರುಗಿ ನೋಡೋದಿಲ್ಲ. ಮುಂದೆ 45ರಿಂದ 60 ದಿನ ಆ ಮೊಟ್ಟೆಗಳನ್ನು ನಾಯಿಯಿಂದ, ನರಿಯಿಂದ, ಭರತದ ನೀರಿನಿಂದ, ನಮ್ಮಂಥವರ ಕಾಲಿನಿಂದ ಕಾಯಬೇಕು.

ಕಾಯುವವರು ಯಾರು? ಕಾರವಾರದಲ್ಲಿ ಅರಣ್ಯ ಇಲಾಖೆಗೆ ಕಡಲು ಮತ್ತು ಕರಾವಳಿಗೇ ಅಂತ ಬೇರೆ ಘಟಕ ಇದೆ. ಅದರ ಗಾರ್ಡ್‌ಗಳು, ವಾಚರ್‌ಗಳು, ಊರಿನ ಮೀನುಗಾರರು ಎಲ್ಲ ಸೇರಿ ಗೂಡು ಹುಡುಕ್ತಾರೆ. ಗೂಡು ಇದ್ದಲ್ಲೇ ಉಳಿಯುವ ಹಾಗಿದ್ರೆ ಸುತ್ತ ಬಲೆ ಕಟ್ಟಿ ಬಿಡ್ತಾರೆ. ನೀರು ಹತ್ತುವ ಜಾಗ ಆದ್ರೆ ಮಾತ್ರ ಮೊಟ್ಟೆ ತೆಗೆದು ಹ್ಯಾಚರಿಗೆ, ಅಂದ್ರೆ ಮೊಟ್ಟೆಗಳನ್ನು ಮರಿಯಾಗುವ ತನಕ ಕಾಯುವ ಜಾಗಕ್ಕೆ, ಸಾಗಿಸ್ತಾರೆ. ಸಾಗಿಸುವ ಕೆಲಸ ಮೊಟ್ಟೆ ಇಟ್ಟ ಕೆಲವೇ ತಾಸಿನ ಒಳಗೆ ಆಗಬೇಕು. ತಡವಾದ್ರೆ ಒಳಗಿನ ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಂಡಿರ್ತದೆ, ಆಗ ಮೊಟ್ಟೆ ಸ್ವಲ್ಪ ಉರುಳಿದ್ರೂ ಅದು ಸಾಯಬಹುದು. ಅದಕ್ಕೇ ಮೊಟ್ಟೆಗೆ ಕೈ ಹಾಕುವವರು ಅನುಭವ ಇದ್ದವರೇ ಆಗಿರ್ತಾರೆ. ಹೊಸ ವಿದ್ಯಾರ್ಥಿಯ ಕೈಯಲ್ಲಿ ಇರೋದು ಪೆನ್ನು, ಅಳತೆ ಟೇಪು, ಫಾರ್ಮು.

ಆ ಫಾರ್ಮು ಅಂದ್ರೆ ಏನೋ ಸಣ್ಣ ಕೆಲಸ ಅಂತ ತಿಳೀಬೇಡಿ. ಮರಿಗಳು ಹೊರಬಿದ್ದ ಮೇಲೆ ಗೂಡನ್ನು ಮತ್ತೆ ಅಗೆದು ನೋಡುವ ಕೆಲಸ ಇರ್ತದೆ. ಕೈಗವಸು ಹಾಕಿಕೊಂಡು ಮರಳಿನೊಳಗೆ ನಿಧಾನ ಕೈ ಇಳಿಸಿದ್ರೆ ಒದ್ದೆ ಚರ್ಮದಂಥ ಸಿಪ್ಪೆ ಬೆರಳಿಗೆ ಸಿಗ್ತದೆ. ಕೋಳಿಮೊಟ್ಟೆಯ ಹಾಗೆ ಅದು ಚೂರಾಗೋದಿಲ್ಲ, ಮುದುರಿಕೊಂಡಿರ್ತದೆ. ವಾಸನೆ ಅಂತೂ ಕೇಳಬೇಡಿ. ಒಂದೊಂದೇ ಸಿಪ್ಪೆ ತೆಗೆದು ಪ್ಲಾಸ್ಟಿಕ್ ಹಾಳೆ ಮೇಲೆ ಸಾಲಾಗಿ ಇಡ್ತಾರೆ: ಒಡೆದದ್ದು ಎಷ್ಟು, ಒಡೆಯದೇ ಉಳಿದದ್ದು ಎಷ್ಟು, ಒಳಗೇ ಸತ್ತ ಮರಿ ಎಷ್ಟು. ಕೆಲವೊಮ್ಮೆ ಅಡಿಯಲ್ಲಿ ಬೇರಿಗೆ ಸಿಕ್ಕಿಕೊಂಡ ಜೀವಂತ ಮರಿಯೂ ಸಿಗ್ತದೆ. ಈ ಲೆಕ್ಕದಿಂದಲೇ ಆ ವರ್ಷ ಹ್ಯಾಚರಿ ಚೆನ್ನಾಗಿ ನಡೀತೋ ಇಲ್ಲವೋ ಗೊತ್ತಾಗೋದು. ಮರಳಿನ ಬಿಸಿಯನ್ನೂ ಬರೀಬೇಕು. ಕಡಲಾಮೆಯ ಮರಿ ಗಂಡೋ ಹೆಣ್ಣೋ ಅನ್ನೋದನ್ನು ನಿರ್ಧರಿಸೋದು ಗೂಡಿನ ಉಷ್ಣಾಂಶ. 29-30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ರೆ ಎರಡೂ ಹುಟ್ತವೆ, ಅದಕ್ಕಿಂತ ಬಿಸಿ ಏರಿದಷ್ಟೂ ಹೆಣ್ಣೇ ಹೆಚ್ಚು. ಹ್ಯಾಚರಿಗೆ ನೆರಳು ಬಲೆ ಎಷ್ಟು ಹಾಕಬೇಕು ಅನ್ನೋದು ನೀವು ಬರೆದ ಅಂಕಿ ನೋಡಿ ತೀರ್ಮಾನ ಆಗ್ತದೆ.

ಇಲ್ಲಿ ನನಗೆ ಬೇಜಾರಾಗುವ ಒಂದು ವಿಷಯ ಹೇಳ್ತೇನೆ. ಮರಿ ಬಿಡುವ ಕಾರ್ಯಕ್ರಮ ಅಂತ ಕೆಲವು ಕಡೆ ಮರಿಗಳನ್ನು ಟಬ್ಬಿನಲ್ಲಿ ಹಾಕಿಟ್ಟು, ಅತಿಥಿಗಳು ಬರುವ ತನಕ ಕಾಯಿಸ್ತಾರೆ. ಗೂಡಿನಿಂದ ಎದ್ದ ಮರಿಗೆ ಮೊದಲ ಒಂದು ದಿನ ಎಡೆಬಿಡದೆ ಈಜುವ ಶಕ್ತಿ ಇರ್ತದೆ. ದಂಡೆ ಹತ್ತಿರದ ಮೀನು, ಹಕ್ಕಿಗಳಿಂದ ತಪ್ಪಿಸಿಕೊಂಡು ಆಳದ ನೀರು ಮುಟ್ಟೋದಕ್ಕೆ ಇರುವ ಶಕ್ತಿ ಅದು. ಟಬ್ಬಿನಲ್ಲೇ ಅದು ಖರ್ಚಾದ್ರೆ ಮುಗೀತು. ನೀವು ಇಂಟರ್ನ್ ಆಗಿ ಹೋದಲ್ಲಿ ಹೀಗೆ ಕಂಡ್ರೆ, ಮರ್ಯಾದೆಯಿಂದಲೇ, ಆದ್ರೆ ಬಾಯಿಬಿಟ್ಟು ಕೇಳಿ. ಫೋಟೋ ಇಲ್ಲದಿದ್ರೂ ಪರವಾಗಿಲ್ಲ, ಎದ್ದ ಕೂಡಲೇ, ಕತ್ತಲಿರುವಾಗಲೇ ಬಿಡಬೇಕು. ರೆಸಾರ್ಟಿನ ದೀಪ ಉರೀತಾ ಇದ್ರೆ ಮರಿಗಳು ಸಮುದ್ರ ಬಿಟ್ಟು ಅದರ ಕಡೆಗೇ ಹೋಗ್ತವೆ, ಅದನ್ನು ಆರಿಸಿ ಅಂತ ಹೋಗಿ ಮನವಿ ಮಾಡೋದೂ ಈ ಕೆಲಸದ್ದೇ ಭಾಗ.

ಇನ್ನು ಮೀನುಗಾರರು. ಕಾರವಾರದ ಕಡೆ ಕೆಲಸ ಮಾಡೋದಾದ್ರೆ ನಾಲ್ಕು ಮಾತು ಕೊಂಕಣಿ ಕಲಿತುಕೊಳ್ಳಿ. ಬಲೆ ಎಳೆಯುವಾಗ ಆಮೆ ಸಿಕ್ಕಿಬಿದ್ದಿರ್ತದೆ. ಆಮೆಗೆ ನಮ್ಮ ಹಾಗೇ ಶ್ವಾಸಕೋಶ, ನೀರಿನ ಮೇಲೆ ಬಂದು ಉಸಿರಾಡದಿದ್ರೆ ಮುಳುಗಿ ಸಾಯ್ತದೆ. ಹಾಗಂತ ಬಲೆಯಿಂದ ಅಲ್ಲಾಡದೇ ಬಂದ ಆಮೆ ಎಲ್ಲ ಸತ್ತದ್ದಲ್ಲ. ಅದನ್ನು ಬೆನ್ನು ಮೇಲಾಗಿಯೇ ಮಲಗಿಸಿ, ಹಿಂಭಾಗವನ್ನು ಅರ್ಧ ಅಡಿ ಎತ್ತರಿಸಿ, ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ ತಾಸುಗಟ್ಟಲೆ ಇಟ್ರೆ ಶ್ವಾಸಕೋಶದ ನೀರು ಇಳಿದು ಚೇತರಿಸಿಕೊಳ್ಳಬಹುದು. ಮೂಗಿನ ಮೇಲೆ ಬಟ್ಟೆ ಬರಬಾರದು. ಒಬ್ಬ ಹಿರಿಯ ಮೀನುಗಾರರು ನನಗೆ ಹೇಳಿದ್ರು: "ತಂಗಿ, ನೀವು ಬರೆದುಕೊಳ್ಳೋದು ಸರಿ. ಆದ್ರೆ ಬಲೆ ಕೊಯ್ದು ಆಮೆ ಬಿಟ್ಟವನ ಬಲೆ ಯಾರು ಹೊಲೆದು ಕೊಡ್ತಾರೆ, ಅದನ್ನೂ ಬರ್ಕೊ." ಆ ಮಾತು ಫಾರ್ಮಿನಲ್ಲಿ ಯಾವ ಕಾಲಮ್ಮಿಗೂ ಕೂರೋದಿಲ್ಲ. ಆದ್ರೆ ಸಂರಕ್ಷಣೆ ಅನ್ನೋದು ನಡೆಯೋದು, ನಿಲ್ಲೋದು ಅಲ್ಲೇ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ಯೋಜನೆ ಬಂದಾಗ, ಇದು ಆಮೆ ಮೊಟ್ಟೆ ಇಡುವ ದಂಡೆ ಅಂತ ಎದ್ದು ಹೇಳಿದವರಲ್ಲಿ ಅಲ್ಲಿನ ಮೀನುಗಾರರೇ ಮುಂದೆ ಇದ್ದರು. ಅದೇ ತಾಲೂಕಿನಲ್ಲೇ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮವೂ ಇದೆ.

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ನಿಂತು ಹೆಚ್ಚು ಮಾತಾಡೋದಿಲ್ಲ, ನೋಡಿ ಸಾಕು. 2024ರಲ್ಲಿ ಇದಕ್ಕೆ ರಾಮ್ಸಾರ್ ತಾಣ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂತ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿಗೆ ಬಳಚು (ಕೆಸರಿನ ಚಿಪ್ಪುಜೀವಿ) ಆರಿಸುವ ಹೆಂಗಸರು, ಅದೇ ಕೆಸರಲ್ಲಿ ದೂರದೇಶದಿಂದ ಬಂದ ಹಕ್ಕಿಗಳು. ಯಾವ ಸಂಸ್ಥೆಯ ಕಾಗದವೂ ಇಲ್ಲದೆ ನೀವು ಇವತ್ತೇ ಶುರು ಮಾಡಬಹುದಾದ ಕೆಲಸ ಅಂದ್ರೆ ಹಕ್ಕಿ ಎಣಿಸೋದು. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೀತದೆ. ಒಂದು ವರ್ಷ ಒಂದೇ ಜಾಗಕ್ಕೆ ತಪ್ಪದೆ ಹೋಗಿ ಬರೆದ ನೋಟ್‌ಬುಕ್ಕು ನಿಮ್ಮ ಕೈಯಲ್ಲಿದ್ರೆ, ಮುಂದೆ ಯಾವ ಸಂದರ್ಶನಕ್ಕೂ ಅದೇ ದೊಡ್ಡ ಸರ್ಟಿಫಿಕೇಟು.

ಈಗ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆವು. ಇಲ್ಲಿನ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಡಲಿನ ಕಡೆ ಒಲವಿದ್ರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ವನ್ಯಜೀವಿ ವಿಷಯದಲ್ಲೇ ಎಂ.ಎಸ್ಸಿ. ಮಾಡೋದಾದ್ರೆ ಕುವೆಂಪು ವಿಶ್ವವಿದ್ಯಾಲಯ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇವನ್ನೆಲ್ಲ ವಿಚಾರಿಸಿ.

ಘಟ್ಟದ ಮೇಲಿನ ಕಾಡಿನಲ್ಲಿ ಕೆಲಸ ಮಾಡುವವರು ಒಂದನ್ನು ಮರೆಯಲೇಬಾರದು: ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಸಿದ್ದಾಪುರದ ಕಡೆ ಈಗಲೂ ಜೀವ ತೆಗೀತಾ ಇದೆ. ಹರಡೋದು ಉಣುಗಿನಿಂದ, ಜೋರು ಚಳಿಗಾಲದಿಂದ ಬೇಸಿಗೆಯ ತನಕ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ಮತ್ತು ಅರಣ್ಯ ಕಚೇರಿಗೆ ತಿಳಿಸಿ. ಮೈಗೆ ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ತೈಲ, ಉದ್ದ ತೋಳಿನ ಬಟ್ಟೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಹಾಗೇ, ಹಾವು ಹಿಡಿಯೋದನ್ನು ಇಂಟರ್ನ್‌ಶಿಪ್ ಅಂತ ಕಲಿಸುವವರ ಹತ್ತಿರ ಹೋಗಬೇಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೆ, ನಮ್ಮ ಕಾಡಿನ ಗೂನುಮೂಗಿನ ಮಂಡಲಕ್ಕೆ ಅದನ್ನು ಮಾಡಿದ್ದಲ್ಲ.

ಪ್ರಾಣಿಗಳ ಆರೈಕೆಯೇ ನಿಮ್ಮ ಆಸೆ ಆಗಿದ್ರೆ ಆಗಲೂ ಇದೇ ಮಾತು. ಗಾಯಗೊಂಡ ಪ್ರಾಣಿಗೆ ಚಿಕಿತ್ಸೆ ಕೊಡೋದು ನೋಂದಾಯಿತ ಪಶುವೈದ್ಯರ ಕೆಲಸ, ಅದಕ್ಕೆ ಬಿ.ವಿ.ಎಸ್ಸಿ. ಓದಬೇಕು. ಬೇರೆಯವರಿಗೆ ಸಿಗೋದು ಬೋನು ತೊಳೆಯೋದು, ಆಹಾರ ತೂಕ ಮಾಡೋದು, ದೂರದಿಂದ ನೋಡಿ ಬರೆಯೋದು. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಕಾಡುಕುರಿ (ಬೊಗಳುವ ಜಿಂಕೆ) ಮರಿ ಕಂಡ್ರೆ ಅನಾಥ ಅಂತ ಎತ್ತಿ ತರ್ತಾರೆ ಜನ. ಸಾಮಾನ್ಯವಾಗಿ ತಾಯಿ ಮೇಯೋಕೆ ಹೋಗಿರ್ತದೆ, ಸಂಜೆಗೆ ಬರ್ತದೆ. ಹಿಡಿದು ಎತ್ತಾಡಿದ ಜಿಂಕೆ ಜಾತಿಯ ಪ್ರಾಣಿ ಮೈಮೇಲೆ ಒಂದು ಗಾಯ ಇಲ್ಲದೆಯೂ ಗಾಬರಿಯಿಂದಲೇ ಸ್ನಾಯು ಕೆಟ್ಟು ಸಾಯಬಹುದು. ಹಾಗಾಗಿ ಮರಿಗಳ ಜೊತೆ ಸೆಲ್ಫಿ, ವಾರಕ್ಕೆ ಇಷ್ಟು ಸಾವಿರ ಫೀಸು ಅಂತ ಜಾಹೀರಾತು ಬಂದ್ರೆ ಮೊದಲು ಕೇಳಿ: ರಕ್ಷಣಾ ಕೇಂದ್ರಕ್ಕೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇದೆಯಾ? ಪಶುವೈದ್ಯರು ಅಲ್ಲೇ ಇರ್ತಾರಾ? ಗುಣವಾದ ಪ್ರಾಣಿಯನ್ನು ಎಲ್ಲಿ, ಯಾರ ಅನುಮತಿಯಿಂದ ಬಿಡ್ತೀರಿ? ಉತ್ತರ ತಡವರಿಸಿದ್ರೆ ದುಡ್ಡು ಕೊಡಬೇಡಿ. ಪ್ರಾಣಿ ಹತ್ತಿರ ಹೋಗುವ ಕೆಲಸ ಯಾವುದೇ ಇರಲಿ, ರೇಬೀಸ್ ಲಸಿಕೆ ಮುಂಚಿತವಾಗಿಯೇ ಹಾಕಿಸಿಕೊಳ್ಳಿ.

ದುಡ್ಡಿನ ಮಾತು ಬಂದದ್ದಕ್ಕೆ ಹೇಳ್ತೇನೆ. ಸಂಬಳ ಇಲ್ಲದ ಇಂಟರ್ನ್‌ಶಿಪ್ಪಿಗೆ ಅಂಕೋಲೆಯ ಮೀನುಗಾರರ ಮನೆಯ ಹುಡುಗಿ, ಸಿದ್ದಾಪುರದ ಕೂಲಿ ಮಾಡುವವರ ಮಗ ಹೇಗೆ ಹೋಗೋದು? ಈ ಕಾಡು, ಈ ದಂಡೆ ಗೊತ್ತಿರುವ ಮಕ್ಕಳೇ ಹೊರಗೆ ಉಳಿದುಹೋಗ್ತಾರೆ. ಅದಕ್ಕೆ ನಾಚಿಕೆ ಪಡದೆ ಊಟ, ವಸತಿ, ಬಸ್ ಚಾರ್ಜು ಕೊಡ್ತೀರಾ ಅಂತ ಮೊದಲ ಪತ್ರದಲ್ಲೇ ಕೇಳಿ. ಕೊಡುವ ಯೋಗ್ಯತೆ ಇರುವ ಸಂಸ್ಥೆಗಳು ಕೊಡಲೇಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೇನೆ.

ಪತ್ರ ಯಾರಿಗೆ? ನಮ್ಮ ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಅಂತ ಬೇರೆ ಬೇರೆ ಅರಣ್ಯ ವಿಭಾಗ ಇವೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಚೇರಿ ದಾಂಡೇಲಿಯಲ್ಲಿದೆ. ನೀವು ಕೆಲಸ ಮಾಡುವ ಜಾಗ ಯಾವ ವಿಭಾಗಕ್ಕೆ ಬರ್ತದೋ ಅಲ್ಲಿನ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೀರಿ. ಅಭಯಾರಣ್ಯದ ಒಳಗೆ ಸಂಶೋಧನೆ ಅಂತಾದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದಕ್ಕೆ ಸಮಯ ಹಿಡೀತದೆ. ಆಮೆ ಕೆಲಸಕ್ಕೆ ಬರುವ ಮನಸ್ಸಿದ್ರೆ ದೀಪಾವಳಿ ಒಳಗೆ ಪತ್ರ ಕೊಟ್ಟಿರಿ.

ಹುಡುಗಿಯರು ಕೇಳುವ ಪ್ರಶ್ನೆ ಒಂದು ಉಳೀತು: ರಾತ್ರಿ ದಂಡೆಯಲ್ಲಿ ತಿರುಗೋಕೆ ಮನೆಯಲ್ಲಿ ಬಿಡೋದಿಲ್ಲ, ಏನು ಮಾಡೋದು? ಬೆಳಗಿನ ಸುತ್ತು ಕೇಳಿ. ಜನ, ನಾಯಿ ಓಡಾಡಿ ಗುರುತು ಅಳಿಸಿಹೋಗುವ ಮೊದಲು, ಬೆಳಕು ಹರೀತಾ ಇದ್ದ ಹಾಗೆ ದಂಡೆ ನಡೆದು ನೋಡುವವರು ಎಲ್ಲಾ ತಂಡಕ್ಕೂ ಬೇಕು. ಇಬ್ಬರು ಜೊತೆಗೆ ಹೋಗಿ, ವಾಚರ್ ಫೋನ್ ನಂಬರು ಮನೆಯವರಿಗೂ ಕೊಟ್ಟಿರಿ. ಒಂದು ದಿನ ಅಮ್ಮನನ್ನೂ ಕರೆದುಕೊಂಡು ಬಂದು ಕೆಲಸ ತೋರಿಸಿ. ನನ್ನ ಅಮ್ಮ ಬಂದು ನೋಡಿ ಹೋದ ಮೇಲೆ, ಮರುದಿನದಿಂದ ಬೆಳಿಗ್ಗೆ ಎಬ್ಬಿಸುವ ಜವಾಬ್ದಾರಿ ಅವಳೇ ತಗೊಂಡಳು.