ಕಾರ್ಖಾನೆ ಪಾಸ್‌ವರ್ಡ್‌ಗೆ ಕಾಯ್ದೆಯ ಕಡಿವಾಣ

ಕೇಳುಗರೆಲ್ಲರಿಗೂ ಶರಣು. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ, ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಕ್ಯಾಮೆರಾ ಕೂಡಿಸಿದವರು ಇವತ್ತು ಸ್ವಲ್ಪ ಕಿವಿಗೊಡಬೇಕು. ನೆಟ್‌ಗೆ ಜೋಡಿಸುವ ಸಾಮಾನಿನ ಸುರಕ್ಷತೆ ಸರಕಾರದ ಕಾಯ್ದೆಯಿಂದ ಸುಧಾರಿಸುತ್ತದೆಯೇ? ಸುಧಾರಿಸುತ್ತದೆ. ಮೊದಲು ಕಾರ್ಖಾನೆ ಹಾಕಿ ಕಳಿಸುವ ಪಾಸ್‌ವರ್ಡ್ ಹಿಡಿಯಬೇಕು, ಅಷ್ಟೇ.

2016ರ ಮಿರಾಯ್ ಪ್ರಸಂಗ ಕೇಳ್ರಿ. ಅಮೆರಿಕದ ಮೂವರು ಯುವಕರು ಬರೆದ ಪ್ರೋಗ್ರಾಂ ಅದು. ನೆಟ್ ತುಂಬ ಅಲೆಯುತ್ತ, ಸಿಕ್ಕ ಡಿವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ), ಕ್ಯಾಮೆರಾ, ರೌಟರ್‌ಗಳ ಟೆಲ್ನೆಟ್ ಬಾಗಿಲು, ಅಂದರೆ ದೂರದಿಂದ ಯಂತ್ರಕ್ಕೆ ಆಜ್ಞೆ ಕೊಡುವ ದಾರಿ, ಬಡಿಯುತ್ತಿತ್ತು. ಅದರ ಹತ್ತಿರ ಇದ್ದದ್ದು ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡ್: ಅಡ್ಮಿನ್-ಅಡ್ಮಿನ್, ರೂಟ್-12345, ಇಂಥವೇ. ಅಷ್ಟರಲ್ಲೇ ಲಕ್ಷಗಟ್ಟಲೆ ಯಂತ್ರಗಳು ಕೈವಶವಾದವು! ಮಾಲೀಕರಿಗೆ ಸುಳಿವೇ ಇಲ್ಲ. ಚಿತ್ರ ಬರುತ್ತಿತ್ತು, ರೆಕಾರ್ಡಿಂಗ್ ನಡೆದಿತ್ತು. ಆ ಪ್ರೋಗ್ರಾಂ ಕೂಡುವುದು ಮೆಮರಿಯಲ್ಲಿ ಮಾತ್ರ, ಕರೆಂಟ್ ತೆಗೆದರೆ ಹೋಗುತ್ತದೆ. ಆದರೆ ಅದೇ ಪಾಸ್‌ವರ್ಡ್ ಇಟ್ಟು ಮತ್ತೆ ಹಚ್ಚಿದರೆ ಕೆಲವೇ ನಿಮಿಷದಲ್ಲಿ ಮರಳಿ ಹೊಕ್ಕುತ್ತದೆ. ಮಿರಾಯ್ ಕೋಡ್ ಬಹಿರಂಗವಾದ ತಿಂಗಳೊಳಗೆ, ಅಕ್ಟೋಬರ್ 21ರಂದು, ಇಂಥ ಯಂತ್ರಗಳೇ, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಒಮ್ಮೆಲೇ ಕೋರಿಕೆ ಸುರಿಸುತ್ತ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್ ಅನೇಕರಿಗೆ ತಾಸುಗಟ್ಟಲೆ ಸಿಗಲಿಲ್ಲ.

ಪಾಸ್‌ವರ್ಡ್ ಬದಲಿಸದೆ ಇದ್ದದ್ದು ಮಾಲೀಕರ ತಪ್ಪಲ್ಲವೇ ಅನ್ನುತ್ತಾರೆ. ಹೇಗೆ ಬದಲಿಸಬೇಕು ಹೇಳ್ರಿ? ಎಷ್ಟೋ ಡಿವಿಆರ್‌ಗಳಲ್ಲಿ ಪರದೆಯ ಮೇಲಿನ ಪಾಸ್‌ವರ್ಡ್ ಬದಲಿಸಿದರೂ ಒಳಗಿನ ಟೆಲ್ನೆಟ್ ಪಾಸ್‌ವರ್ಡ್ ಕಾರ್ಖಾನೆಯದೇ ಉಳಿಯುತ್ತಿತ್ತು. ಪೇಟೆಯಲ್ಲಿ ಮಾರಿದ ಕೀಲಿಗಳಿಗೆಲ್ಲ ಒಂದೇ ಕೀಲಿಕೈ ಕೊಟ್ಟಂತೆ. ಮಾರಿದವನಿಗೆ ರೊಕ್ಕ ಬಂತು, ಕೊಂಡವನಿಗೆ ಚಿತ್ರ ಬಂತು, ಪೆಟ್ಟು ಬಿದ್ದದ್ದು ಮೂರನೆಯವನಿಗೆ. ಇಲ್ಲಿ ಕಾಯ್ದೆಯೇ ಬೇಕು.

ಬ್ರಿಟನ್ ಮಾಡಿ ತೋರಿಸಿದೆ. 2024ರ ಏಪ್ರಿಲ್ 29ರಿಂದ ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಅಪ್‌ಡೇಟ್ ಎಲ್ಲಿಯವರೆಗೆ ಎಂದೂ ಹೇಳಬೇಕು. ತಪ್ಪಿದರೆ ದಂಡ 1 ಕೋಟಿ ಪೌಂಡ್‌ವರೆಗೆ ಅಥವಾ ಜಾಗತಿಕ ವಹಿವಾಟಿನ ಶೇ. 4ರವರೆಗೆ, ಯಾವುದು ಹೆಚ್ಚೋ ಅದು. ನಮ್ಮಲ್ಲೂ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಬೆಲೆ ಏರುತ್ತದೆಯೇ? ಏರಲಿ ಬಿಡ್ರಿ.

ಸಮಯ ಮುಗೀತಾ ಬಂತು. ಹಳೆ ಡಿವಿಆರ್ ಇದ್ದವರು ಮೊದಲು ನೆಟ್ ಕೇಬಲ್ ಕಿತ್ತಿಡಿ. ಕರೆಂಟ್ ತೆಗೆದು ಮತ್ತೆ ಹಚ್ಚಿ, ಪಾಸ್‌ವರ್ಡ್ ಬದಲಿಸಿ, ರೌಟರ್‌ನಲ್ಲಿ ಹೊರಗಿನವರಿಗೆ ಒಳಗಿನ ಯಂತ್ರದ ಬಾಗಿಲು ತೆರೆಯುವ ಯುಪಿಎನ್‌ಪಿ ಮತ್ತು ಪೋರ್ಟ್ ಫಾರ್ವರ್ಡಿಂಗ್ ಬಂದ್ ಮಾಡಿ, ಆಮೇಲೆ ಕೇಬಲ್ ಹಚ್ಚಿ. ಹೊಸದು ಕೊಳ್ಳುವವರು ಡಬ್ಬಿಯ ಮೇಲಿನ ಆರ್-ನಂಬರನ್ನು, ಅಂದರೆ ಸರಕಾರದ ಮಾನಕ ಸಂಸ್ಥೆ ಬಿಐಎಸ್ ಕೊಡುವ ನೋಂದಣಿ ಸಂಖ್ಯೆಯನ್ನು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಮೊದಲ ಸಲ ಹಚ್ಚಿದಾಗ ಹೊಸ ಪಾಸ್‌ವರ್ಡ್ ಕೇಳದೆ, ಡಬ್ಬಿಯ ಮೇಲೆ ಬರೆದ ಅಡ್ಮಿನ್-12345ಕ್ಕೇ ತೆರೆದುಕೊಂಡರೆ, ಬಿಲ್ಲಿನ ಸಮೇತ ಅಂಗಡಿಗೇ ವಾಪಸ್ ಕೊಡ್ರಿ. ನಮಸ್ಕಾರ.