ಓದುವಾಗ ತಿದ್ದಿಕೊಳ್ಳುವ ಜೋಳ

ಕೇಳುಗರೇ, ನಮಸ್ಕಾರ.

ಸುಗ್ಗಿ ಮುಗಿದ ಮೇಲೆ ವಿಜಯಪುರದ ಕಡೆ ಹೋದರೆ ಜೋಳದ ಕಣಿಕೆಯ ಬಣವೆಗಳು ಕಾಣುತ್ತವೆ. ಕಾಳು ಮನೆಗೆ, ಕಣಿಕೆ ದನಕ್ಕೆ. ಅಲ್ಲಿನ ರೈತರು ತಳಿ ಆರಿಸುವಾಗ ಮೇವನ್ನೂ ನೋಡಿಯೇ ಆರಿಸುತ್ತಾರೆ. ಇವತ್ತು ಆ ದಂಟಿನ ಜೀವಕೋಶದೊಳಗೆ ಸ್ವಲ್ಪ ಇಣುಕೋಣ.

ಅಲ್ಲಿ ಮೈಟೊಕಾಂಡ್ರಿಯಾ ಇವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಒಲೆಗಳು. ಅವಕ್ಕೆ ಅವುಗಳದ್ದೇ ಡಿಎನ್‌ಎ ಉಂಟು. ಡಿಎನ್‌ಎಯನ್ನು ರಾಸಾಯನಿಕ ಅಕ್ಷರಗಳ ಸಾಲು ಅಂದುಕೊಳ್ಳಿ. ಮನುಷ್ಯರಲ್ಲಿ ಅದು 16,569 ಅಕ್ಷರ. ಜೋಳದಲ್ಲಿ 4,68,628. ಇಪ್ಪತ್ತೆಂಟು ಪಟ್ಟು! ಹಾಗಂತ ಕೆಲಸವೂ ಅಷ್ಟು ಜಾಸ್ತಿ ಅಂದುಕೊಳ್ಳಬೇಡಿ. ಪ್ರೋಟೀನ್ ಮಾಡಿಸುವ ಜೀನ್‌ಗಳು ನಮ್ಮಲ್ಲಿ 13, ಜೋಳದಲ್ಲಿ ಮೂವತ್ತರ ಆಸುಪಾಸು. ಉಳಿದದ್ದು ಹೆಚ್ಚಾಗಿ ಅಟ್ಟದ ಮೇಲಿನ ಸಾಮಾನು. ಪುಸ್ತಕಗಳಲ್ಲಿ ಈ ಡಿಎನ್‌ಎಯನ್ನು ಬಳೆಯ ಹಾಗೆ ಬರೆಯುತ್ತಾರೆ. ಗಿಡಗಳಲ್ಲಿ ಅದು ಅಷ್ಟು ಅಚ್ಚುಕಟ್ಟಲ್ಲ. ಉದ್ದ ತುಂಡು, ಕವಲೊಡೆದ ತುಂಡು, ಎಲ್ಲ ಇರುತ್ತವೆ. ಒಂದೇ ತರಹದ ಸಾಲು ಎರಡು ಕಡೆ ಸಿಕ್ಕರೆ ಅಲ್ಲಿ ಕತ್ತರಿಸಿಕೊಂಡು ಅದಲು ಬದಲಾಗಿ ಕೂಡಿಕೊಳ್ಳುತ್ತವೆ. ಹೀಗೆ ಕೂಡುವಾಗ ಕೆಲವೊಮ್ಮೆ ಕೌದಿಯಂಥ ಹೊಸ ಜೀನ್ ಹುಟ್ಟುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1981ರಲ್ಲಿ ಮೆಕ್ಕೆಜೋಳದ ಮೈಟೊಕಾಂಡ್ರಿಯಾದ ಒಂದು ಜೀನ್ ಓದಿದವರಿಗೆ ಒಂದು ತೊಡಕು ಎದುರಾಯಿತು. ಪ್ರೋಟೀನ್ ಕಟ್ಟುವ ಇಟ್ಟಿಗೆಗಳು ಅಮೈನೊ ಆಮ್ಲಗಳು, ಜೀನಿನ ಮೂರು ಮೂರು ಅಕ್ಷರ ಒಂದೊಂದು ಇಟ್ಟಿಗೆಯನ್ನು ಹೇಳುತ್ತವೆ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇರಬೇಕಾದ ಕಡೆ 'ಸಿಜಿಜಿ' ಎಂದು ಬರೆದಿತ್ತು. ಸಿಜಿಜಿ ಅಂದರೆ ಅರ್ಜಿನೈನ್, ಬೇರೆಯದೇ ಇಟ್ಟಿಗೆ. ಗಿಡಗಳ ಮೈಟೊಕಾಂಡ್ರಿಯಾದಲ್ಲಿ ಕಾಗುಣಿತವೇ ಬೇರೆ ಇರಬೇಕು ಅಂದುಕೊಂಡರು. ಎಂಟು ವರ್ಷ ಹಾಗೇ ನಡೆಯಿತು. 1989ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಗುಟ್ಟು ಬಯಲು ಮಾಡಿದವು. ಗಿಡಗಳ ಮೈಟೊಕಾಂಡ್ರಿಯಾದ ಕಾಗುಣಿತವೂ ಮಾಮೂಲಿನದೇ. ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆದ ಮೇಲೆ ಗಿಡ ಅದರಲ್ಲಿ ಆಯ್ದ 'ಸಿ'ಗಳನ್ನು 'ಯು' ಮಾಡುತ್ತದೆ. ಸಿಜಿಜಿ ಯುಜಿಜಿ ಆಗುತ್ತದೆ, ಅದೇ ಟ್ರಿಪ್ಟೊಫಾನ್! ಮೂಲ ಪ್ರತಿಯಲ್ಲಿ ತಪ್ಪು ಹಾಗೇ ಉಳಿಯುತ್ತದೆ. ಪ್ರತಿ ಸಲ ನಕಲನ್ನೇ ತಿದ್ದಬೇಕು. ಒಮ್ಮೆ ಮೂಲವನ್ನೇ ಸರಿ ಮಾಡಿಬಿಟ್ಟರೆ ಆಗುತ್ತಿರಲಿಲ್ಲವಾ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಒಂದೆರಡು ಅಕ್ಷರದ ಮಾತಲ್ಲ ಇದು. ಪ್ರಯೋಗಾಲಯದ ನೆಚ್ಚಿನ ಗಿಡ ಅರಬಿಡಾಪ್ಸಿಸ್‌ನಲ್ಲಿ 1999ರಲ್ಲೇ ಇಂಥ 441 ಜಾಗ ಗುರುತಿಸಿದ್ದರು. ಎಲ್ಲಿ ತಿದ್ದಬೇಕು ಎಂದು ತೋರಿಸುವವು ಪಿಪಿಆರ್ ಎಂಬ ಪ್ರೋಟೀನ್‌ಗಳು. ಅವುಗಳ ಜೀನ್ ಇರುವುದು ಮೈಟೊಕಾಂಡ್ರಿಯಾದಲ್ಲಲ್ಲ, ಕೋಶಕೇಂದ್ರದಲ್ಲಿ. ತಪ್ಪು ಒಂದು ಮನೆಯಲ್ಲಿ, ತಿದ್ದುವವರು ಇನ್ನೊಂದು ಮನೆಯವರು.

ಈ ಎರಡು ಮನೆಗಳಿಗೆ ಹೊಂದಾಣಿಕೆ ತಪ್ಪಿದರೆ? 1954ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ಅದನ್ನು ಜೋಳದಲ್ಲಿ ಕಂಡರು. ಮೈಟೊಕಾಂಡ್ರಿಯಾ ಕೊಡುವ ಮೈಲೋ ಜೋಳದ ತಾಯಿಗೆ ಕಾಫಿರ್ ಜೋಳದ ಕೋಶಕೇಂದ್ರ ಸೇರಿದಾಗ ಗಿಡ ಗಟ್ಟಿಯಾಗೇ ಬೆಳೆಯಿತು, ಪರಾಗ ಮಾತ್ರ ಕೆಲಸಕ್ಕೆ ಬರಲಿಲ್ಲ. ತಳಿಗಾರರಿಗೆ ಇದು ಲಾಟರಿ. ಜೋಳದ ಹೂ ಸಾಸಿವೆಯಷ್ಟು, ಎಕರೆಗಟ್ಟಲೆ ಕೈಯಿಂದ ಗಂಡು ಭಾಗ ಕೀಳಲು ಆಗುತ್ತದೆಯೇ? ಪರಾಗ ಬಂಜೆಯಾದರೆ ಹೈಬ್ರಿಡ್ ಬೀಜ ಸಲೀಸು. ನಮ್ಮ ದೇಶದಲ್ಲಿ 1964ರಲ್ಲಿ ಬಂದ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಹೀಗೇ ಹುಟ್ಟಿದ್ದು. ನಮ್ಮ ಮಾಲ್ದಂಡಿ ಜೋಳದಲ್ಲೂ ಇಂಥ ಗುಣವಿರುವ ಬೇರೊಂದು ಬಗೆ ಸಿಕ್ಕಿದೆ.

ಪರಾಗ ಬಂಜೆಯಾದ, ಎ-3 ಅನ್ನುವ ಇನ್ನೊಂದು ಬಗೆಯಲ್ಲಿ ಕೌದಿ ಜೀನ್ ಮತ್ತು ನಕಲು ತಿದ್ದುವುದು, ಈ ಎರಡೂ ಎಳೆ ಕೂಡುತ್ತವೆ. ಅದರಲ್ಲಿ ಆಗ ಹೇಳಿದ ಕೌದಿ ಜೀನ್ ಒಂದಿದೆ. 1997ರಲ್ಲಿ ಇನ್ನೊಂದು ಸಂಗತಿಯೂ ಗೊತ್ತಾಯಿತು. ಶಕ್ತಿ ತಯಾರಿಸುವ ಯಂತ್ರದ ಒಂದು ಬಿಡಿಭಾಗ ಎಟಿಪಿ-6. ಅದರ ನಕಲು ಎಳೆಯ ಸಸಿಯಲ್ಲಿ ಸರಿಯಾಗಿ ತಿದ್ದಿರುತ್ತದೆ. ಪರಾಗಕೋಶದಲ್ಲಿ ಮಾತ್ರ ತಿದ್ದುವುದು ಬಹಳ ಕಡಿಮೆಯಾಗಿತ್ತು. ಪರಾಗವನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವ, ಅಂದರೆ ಪರಾಗ ಮರಳಿಸುವ ತಳಿಯೊಂದಿಗೆ ಕೂಡಿಸಿದಾಗ ತಿದ್ದುವುದೂ ಹೆಚ್ಚಿತು.

ಎ-3ಗೆ ಪರಾಗ ಮರಳಿಸುವ ತಳಿ ಸಿಗುವುದು ಕಷ್ಟ. ಕಾಳಿನ ಬೆಳೆಗೆ ಅದು ತಲೆನೋವು. ಮೇವಿನ ಬೆಳೆಗೆ? ಹತ್ತಿರದಲ್ಲಿ ಬೇರೆ ಜೋಳ ಇಲ್ಲದಿದ್ದರೆ ತೆನೆ ಕಾಳು ಕಟ್ಟುವುದಿಲ್ಲ. ಕಾಳಿಗೆ ಹೋಗಬೇಕಿದ್ದ ಸಕ್ಕರೆಯಲ್ಲಿ ಸಾಕಷ್ಟು ದಂಟಿನಲ್ಲೇ ನಿಲ್ಲುತ್ತದೆ. ದನ ಅದನ್ನು ಬಿಟ್ಟೀತೇ?

ನಮಸ್ಕಾರ.