ಹುಳು ಹೇಳಿದ ಸಾಕ್ಷಿ

ಕೇಳುಗರಿಗೆ ನಮಸ್ಕಾರ. ಕಾವ್ಯ, ಚರಿತ್ರೆ ಎಂದ ಕೂಡಲೇ ನಮ್ಮವರು ಒಂದು ಮಾತು ಹೇಳಿಬಿಡುತ್ತಾರೆ: ‘ಅದು ವಿಜ್ಞಾನದ ಹಾಗಲ್ಲ, ಅನುಭವಕ್ಕೆ ಬಿಟ್ಟದ್ದು.’ ಕೇಳಿ ಕೇಳಿ ನನಗೆ ಸಾಕಾಗಿದೆ. ಮನುಷ್ಯ ಪ್ರಕೃತಿಯ ಒಳಗೇ ಇದ್ದಾನೆ, ಅವನು ಬರೆದದ್ದೂ ಅಲ್ಲೇ ಇದೆ. ಅಡಿಕೆಯ ಕೊಳೆರೋಗದ ಬಗ್ಗೆ ಕೇಳುವ ಪ್ರಶ್ನೆಯನ್ನೇ ಕಾವ್ಯದ ಬಗ್ಗೆಯೂ ಕೇಳಬೇಕು: ನಿಮಗೆ ಹೇಗೆ ಗೊತ್ತಾಯಿತು?

ಕುಂಬಳೆಯ ಹತ್ತಿರ ಒಂದು ಮನೆ. ಯಜಮಾನರು ಅಟ್ಟದಿಂದ ತಾಳೆಗರಿಯ ಕಟ್ಟು ಇಳಿಸಿ, ಚಾವಡಿಯಲ್ಲಿ ಚಾಪೆ ಹಾಸಿ ಬಿಚ್ಚಿದರು. ಪುರಾಣದ ಕಥೆ. ನಡುವೆ ಎರಡು ಗರಿಗಳ ತುಂಬ ಆ ಮನೆತನದ ಹಿರಿಯರೊಬ್ಬರ ಹೊಗಳಿಕೆ. ‘ನೋಡಿ ಮಾಷ್ಟ್ರೇ, ಕವಿ ನಮ್ಮ ಅಜ್ಜನ ಅಜ್ಜನನ್ನು ಕಂಡವನು’ ಎಂದರು. ಪದ್ಯ ಚೆನ್ನಾಗಿತ್ತು, ಛಂದಸ್ಸೂ ತಪ್ಪಿರಲಿಲ್ಲ. ನಾನು ಒಪ್ಪಿಯೇ ಬಿಡುವವನಿದ್ದೆ. ದಾರದ ತೂತಿನ ಪಕ್ಕದಲ್ಲಿ ಹುಳುವೊಂದು ಸಾಸಿವೆ ಕಾಳಿನಷ್ಟು ದಪ್ಪದ ದಾರಿ ಕೊರೆದಿತ್ತು. ಮೇಲಿನ ಗರಿಯಲ್ಲೂ ತೂತು, ಅಡಿಯ ಗರಿಯಲ್ಲೂ ಅದೇ ಜಾಗದಲ್ಲಿ ತೂತು. ಕಟ್ಟನ್ನು ನೇರ ಮಾಡಿ ಬಾಗಿಲ ಬೆಳಕಿಗೆ ಹಿಡಿದೆ. ಬೆಳಕು ಈಚೆಗೆ ಬರಲೇ ಇಲ್ಲ! ಒಂದೊಂದೇ ಗರಿ ಮಗುಚಿದೆ. ಹೊಗಳಿಕೆಯ ಆ ಎರಡು ಗರಿಗಳಲ್ಲಿ ತೂತೇ ಇಲ್ಲ. ಹುಳು ಗರಿ ಹಾರಿ ಹೋಗುವುದಿಲ್ಲವಷ್ಟೆ? ಅದು ಕೊರೆದ ಕಾಲದಲ್ಲಿ ಆ ಗರಿಗಳು ಅಲ್ಲಿರಲಿಲ್ಲ. ಯಾರೋ ಆಮೇಲೆ ಸೇರಿಸಿದ್ದಾರೆ.

ಯಜಮಾನರಿಗೆ ಸಿಟ್ಟು ಬಂತು. ‘ಹುಳುವಿಗೆ ಕಾವ್ಯ ಗೊತ್ತುಂಟೋ?’ ಗೊತ್ತಿಲ್ಲ. ಯಾರ ಅಜ್ಜನ ಪರಿಚಯವೂ ಅದಕ್ಕಿಲ್ಲ. ಆದ್ದರಿಂದಲೇ ಅದರ ಸಾಕ್ಷಿಯನ್ನು ನಾನು ನಂಬಿದೆ. ಮತ್ತೆ ಅದೇ ಪ್ರಶ್ನೆ ಕೇಳುಗರೇ, ಹೇಗೆ ಗೊತ್ತಾಯಿತು?

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಜರ್ಮನಿಯ ತತ್ವಜ್ಞಾನಿ ಡಿಲ್ತಾಯ್ 1883ರಲ್ಲಿ ನಿಸರ್ಗದ ವಿಜ್ಞಾನ ಬೇರೆ, ಮನುಷ್ಯನ ವಿದ್ಯೆಗಳು ಬೇರೆ ಎಂದು ನಡುವೆ ಬೇಲಿ ಹಾಕಿದ. ಅಮೆರಿಕದ ತತ್ವಜ್ಞಾನಿ ಕ್ವೈನ್ 1969ರಲ್ಲಿ ಬರೆದ ಪ್ರಬಂಧದಲ್ಲಿ, ನಮಗೆ ತಿಳಿವು ಹೇಗೆ ಉಂಟಾಗುತ್ತದೆ ಎಂಬುದನ್ನೂ ವಿಜ್ಞಾನದ ಒಳಗೇ ನಿಂತು ನೋಡಬೇಕು ಎಂದ. ನಾನು ಕ್ವೈನನ ಕಡೆಯವನು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಎಂಥ ಕವಿ! ಆದರೂ ಶಾಸನ ಎದುರಿಗೆ ಬಂದರೆ ಅದರ ಕಾಲ ತಿಳಿಯಲು ತಿಥಿ, ವಾರಗಳ ಲೆಕ್ಕಕ್ಕೆ ಕೂರುತ್ತಿದ್ದರು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಹೇಳುವ ನಾಲ್ಕು ಪ್ರಮಾಣಗಳನ್ನೂ, ಅಂದರೆ ತಿಳಿವು ಬರುವ ನಾಲ್ಕು ದಾರಿಗಳನ್ನೂ ವಿವರಿಸಬೇಕೆಂದಿದ್ದೆ. ತೂತು ಪ್ರತ್ಯಕ್ಷ, ಕಣ್ಣಾರೆ ಕಂಡದ್ದು; ಗರಿ ಅಲ್ಲಿರಲಿಲ್ಲ ಎಂಬುದು ಅನುಮಾನ, ಅಂದರೆ ಸಂಶಯವಲ್ಲ, ಕಂಡದ್ದರಿಂದ ಊಹಿಸಿ ತಿಳಿದದ್ದು; ಯಜಮಾನರ ಮಾತು ಶಬ್ದ, ಇನ್ನೊಬ್ಬರು ಹೇಳಿ ತಿಳಿದದ್ದು. ಹೋಲಿಕೆಯಿಂದ ತಿಳಿಯುವ ಉಪಮಾನಕ್ಕೆ ಸಮಯವಿಲ್ಲ, ಸ್ಟುಡಿಯೊದ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ.

ಆ ಎರಡು ಗರಿಗಳು ಈಗಲೂ ಕಟ್ಟಿನಲ್ಲೇ ಇವೆ. ತೆಗೆಯಬೇಡಿ ಎಂದು ನಾನೇ ಹೇಳಿ ಬಂದೆ. ಅವನ್ನು ಬರೆದವನು ಯಾರೆಂದು ಇನ್ನು ಹುಡುಕಬೇಕು. ನಮಸ್ಕಾರ.